ಕಾಲು ತಾಸು ಕೊಡಿ, ಆಮೇಲೆ ಆಮೆನ್ ಅನ್ನಿ

ಪುಣೆಯ ನಮ್ಮ ಕನ್ನಡ ಚರ್ಚು ತಾಯಂದಿರಿಗೆ ಅನ್ಯಾಯ ಮಾಡಿದೆ. ಬೆಳಗ್ಗೆ ದೇವರ ಮುಂದೆ ಕೂಡಲು ನಮಗೆ ಕಾಲು ತಾಸನ್ನೂ ಬಿಡಲಿಲ್ಲ. ಆಮೇಲೆ ತುಂಬಿದ ಆರಾಧನೆಯಲ್ಲಿ ನಮ್ಮನ್ನು ಎದ್ದು ನಿಲ್ಲಿಸಿ, ಪ್ರಾರ್ಥನೆಗೆ ಕೂಡುವುದಿಲ್ಲವೆಂದು ನಮ್ಮ ಮೇಲೆಯೇ ತಪ್ಪು ಹೊರಿಸಿತು. ಇಂಥವು ನನಗೆ ಆಗುತ್ತಲೇ ಇರುತ್ತವೆ. ಕೇಳಿದವರು ನಗುತ್ತಾರೆ. ನಾನು ಸಿಟ್ಟಿಗೇಳುತ್ತೇನೆ. ಅದನ್ನು ನೋಡಿ ಇನ್ನಷ್ಟು ನಗುತ್ತಾರೆ. ನಗಲಿ, ಆದರೆ ಕೊನೆಯವರೆಗೆ ಓದಿ ನಗಲಿ.

ನಾನು ಓದಿದ್ದು ಬೆಟಗೇರಿಯಲ್ಲಿ, ಏಳನೇ ಇಯತ್ತೆಯವರೆಗೆ. ಉಳಿದದ್ದನ್ನು ಅರ್ಜಿ ಬರೆದು ಬರೆದು ಕಲಿತೆ. ಈಗ ಖರಾಡಿಯ ಒಂದು ಐಟಿ ಕಟ್ಟಡದಲ್ಲಿ ಕಸ ಗುಡಿಸಿ ನೆಲ ಒರೆಸುವ ಹೆಂಗಸರ ಮೇಲ್ವಿಚಾರಕಿ. ನಮಗೆ ಬಟ್ಟೆ ಬದಲಿಸಲು ಒಂದು ಕೋಣೆ ಬೇಕೆಂದು ಹನ್ನೊಂದು ಅರ್ಜಿ ಬರೆದೆ. ಹನ್ನೆರಡನೆಯದನ್ನು ಬರೆಯಲಿಲ್ಲ. ಎಂಟು ಹೆಂಗಸರನ್ನು ಕರೆದುಕೊಂಡು ಮ್ಯಾನೇಜರ ಕೋಣೆಗೇ ಹೋಗಿ, "ಸಾಹೇಬರೇ, ಸ್ವಲ್ಪ ಹೊರಗೆ ನಿಲ್ಲಿ, ನಾವು ಬಟ್ಟೆ ಬದಲಿಸಬೇಕು" ಎಂದೆ. ಮರುವಾರ ಕೋಣೆ ಸಿಕ್ಕಿತು.

ಮ್ಯಾನೇಜರಿಂದ ಕೋಣೆ ಪಡೆದವಳಿಗೆ ಸ್ವಂತ ಮನೆಯವರಿಂದ ಕಾಲು ತಾಸು ಪಡೆಯಲು ಆಗಲಿಲ್ಲ. ಯಾತಕ್ಕೆ ಈ ಕಾಲು ತಾಸು ಎಂದರೆ ಹೇಳುತ್ತೇನೆ. ನಮ್ಮವ್ವ ನಸುಕಿನಲ್ಲಿ ಒಲೆ ಹಚ್ಚುವ ಮೊದಲು ಗೋಡೆಗೆ ಮುಖ ಮಾಡಿ ಕೂತು ಐದೂ ಮಕ್ಕಳ ಹೆಸರನ್ನು ಒಂದೊಂದಾಗಿ ದೇವರಿಗೆ ಹೇಳುತ್ತಿದ್ದಳು. ನಾನು ಕೊನೆಯವಳು. ಕೌದಿಯೊಳಗೆ ಮಲಗಿಕೊಂಡೇ ನನ್ನ ಹೆಸರು ಬರುವವರೆಗೆ ಕಾಯುತ್ತಿದ್ದೆ. ಬಂದಮೇಲೆ ಮತ್ತೆ ನಿದ್ದೆ ಹತ್ತುತ್ತಿತ್ತು. ನನ್ನ ಮಗಳು ಆರನೇ ಇಯತ್ತೆ, ಮಗ ಎರಡನೇ ಇಯತ್ತೆ. ಬೆಳಗ್ಗೆ ನನ್ನ ಬಾಯಿಂದ ಅವರ ಹೆಸರು ಬರುವುದು "ಏಳು" ಎಂಬ ಮಾತಿನ ಜೊತೆ ಮಾತ್ರ. ಇದಿಷ್ಟೇ ನನ್ನ ತಕರಾರು.

ಎರಡು ಸೀಟಿಯ ಕೀರ್ತನೆ

ಏಳು ಗಂಟೆಗೆ ನನ್ನನ್ನು ಕೆಲಸಕ್ಕೆ ಒಯ್ಯುವ ಟೆಂಪೋ ಬರುತ್ತದೆ. ಅಷ್ಟರೊಳಗೆ ನಾಲ್ಕು ಡಬ್ಬಿ, ಇಬ್ಬರ ಸ್ನಾನ, ಒಂದು ಜಡೆ. ಬೇರೆ ದಾರಿ ಕಾಣದೆ ಮನೆಮಂದಿಯನ್ನೆಲ್ಲ ಅಡುಗೆಮನೆಯಲ್ಲೇ ಕೂಡಿಸಿ ಕುಟುಂಬ ಪ್ರಾರ್ಥನೆ ಶುರು ಮಾಡಿದೆ. ಬೇಳೆಯ ಕುಕ್ಕರ್ ಇಟ್ಟ ಕೂಡಲೇ ವೇದ, ಅಂದರೆ ಬೈಬಲ್ಲು, ತೆರೆಯುವುದು, ಒಂದು ಕೀರ್ತನೆ ಓದುವುದು, ಪ್ರಾರ್ಥನೆ ಮಾಡುವುದು. ಮೂರನೇ ಸೀಟಿಗೆ ಆಮೆನ್.

ಯಾವ ಕೀರ್ತನೆ ಓದಬೇಕೆಂದು ಆರಿಸುವ ಕೆಲಸವನ್ನು ಮಗನಿಗೆ ಕೊಟ್ಟೆ. ಅವನು ಇಡೀ ಪುಸ್ತಕ ತಡಕಿ ಎಲ್ಲಕ್ಕಿಂತ ಸಣ್ಣದನ್ನು ಹುಡುಕಿದ. ಎರಡೇ ವಚನ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಎರಡು ತಿಂಗಳು ಅದನ್ನೇ ಓದಿದೆವು. ಬೇರೆ ತಗೊಳ್ಳೋ ಎಂದರೆ, "ಇದು ಬಾಯಿಪಾಠ ಆಗೇದವ್ವಾ, ಈಗ ಬಿಟ್ರ ಮರೀತದ" ಎನ್ನುತ್ತಿದ್ದ.

ಒಂದು ಸಂಜೆ ನಮ್ಮ ಅಯ್ಯನವರು, ಎಂದರೆ ಚರ್ಚಿನ ಪಾದ್ರಿಗಳು, ಮನೆ ಭೇಟಿಗೆ ಬಂದರು. ಮಗನನ್ನು ಹತ್ತಿರ ಕರೆದು, "ಒಂದು ಕೀರ್ತನಿ ಹೇಳಪಾ" ಎಂದರು. ಅವನು ಉಸಿರು ಬಿಡದೆ ಅದನ್ನೇ ಹೇಳಿ ಮುಗಿಸಿದ.

"ಎಲ್ಲಾರ ಮನ್ಯಾಗ 'ಯೆಹೋವನು ನನಗೆ ಕುರುಬನು' ಅನ್ನೂ ಕೀರ್ತನಿ ಕಲಸ್ತಾರ. ನಿಮ್ಮನ್ಯಾಗ ಇದ್ಯಾಕೋ?"

"ಇದಕ್ಕ ಎರಡ ಸೀಟಿ ಸಾಕ್ರಿ. ಉಳದದ್ದು ಓದಿದ್ರ ಬ್ಯಾಳಿ ಹೊತ್ತತಾವು."

ಅಯ್ಯನವರು ನಕ್ಕರು. "ಮತ್ತ ದೊಡ್ಡ ಕೀರ್ತನಿ ಯಾವಾಗ ಓದತೀರಿ?"

"ಕ್ರಿಸ್ಮಸ್‌ಗೆ ರೀ. ಮಟನ್ ಕುದಿಸುವಾಗ."

ಚಹಾ ಕುಡಿದು ಹೊರಡುವಾಗ ಅಯ್ಯನವರು ನನಗೊಂದು ಬುದ್ಧಿ ಹೇಳಿದರು. "ತಂಗಿ, ದೇವರ ವಾಕ್ಯಕ್ಕ ಅಡಗಿಮನಿ ಯೋಗ್ಯ ಜಾಗಾ ಅಲ್ಲ. ಹೊರಗಿನ ಖೋಲ್ಯಾಗ ಶಾಂತ ಕೂತು ಓದ್ರಿ."

"ಅಯ್ಯನೋರ, ಅಷ್ಟೊತ್ತು ಬ್ಯಾಳಿ ಯಾರು ನೋಡ್ತಾರ?"

ಅವರು ಮೇಲೆ ನೋಡಿದರು. ದೇವರು ನೋಡುತ್ತಾನೆ ಎಂದಿರಬೇಕು. ಮರುದಿನದಿಂದ ಗಂಡ ಮಕ್ಕಳು ಹೊರಗಿನ ಕೋಣೆಯಲ್ಲಿ ಶಾಂತವಾಗಿ ಕೂತರು. ಬೇಳೆಯ ಹತ್ತಿರ ದೇವರು ಬರಲಿಲ್ಲ, ನಾನೇ ನಿಂತೆ.

ಟಾಕಿಯ ಬುಡದಲ್ಲಿ

ಮನೆಮಂದಿಯ ಪ್ರಾರ್ಥನೆ ಕೈತಪ್ಪಿತು, ನನ್ನದನ್ನಾದರೂ ಉಳಿಸಿಕೊಳ್ಳೋಣ ಎಂದುಕೊಂಡೆ. ನಮ್ಮ ಕಟ್ಟಡ ಬಿಬವೇವಾಡಿಯಲ್ಲಿ, ನಾಲ್ಕು ಮಾಳಿಗೆಯದು. ಐದು ಗಂಟೆಗೆ ಎದ್ದು ವೇದ ಹಿಡಿದು ಮೇಲಿನ ಗಚ್ಚಿಗೆ, ತಾರಸಿಗೆ ಹೋದೆ. ಮೇಲೆ ಯಾರೂ ಇರಲಿಲ್ಲ. ನೀರಿನ ಟಾಕಿಯ ಬುಡದಲ್ಲಿ ಚಾಪೆ ಹಾಸಿ, ತಲೆಯ ಮೇಲೆ ಸೆರಗು ಹೊದ್ದು ಕಣ್ಣು ಮುಚ್ಚಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಹಿಂದಿನ ಬೇಸಿಗೆಯಲ್ಲಿ ನೀರು ಬಿಡದಿದ್ದಾಗ ನಾನು ಇದೇ ಟಾಕಿಯ ಬುಡದಲ್ಲಿ, ಖಾಲಿ ಕೊಡಗಳನ್ನು ಸುತ್ತ ಇಟ್ಟುಕೊಂಡು, ಮಧ್ಯಾಹ್ನದವರೆಗೆ ಉಪವಾಸ ಕೂತಿದ್ದೆ. ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿಗೆ ಅದು ಚೆನ್ನಾಗಿ ನೆನಪಿತ್ತು. ಅವರು ದಿನಾ ನಸುಕಿನಲ್ಲಿ ಗಚ್ಚಿಯ ಮೇಲೆ ಅಡ್ಡಾಡುವವರು.

ನಾನು ಗಂಡ ಮಕ್ಕಳ ಹೆಸರು ಮುಗಿಸಿ ಅಣ್ಣಂದಿರ ಹೆಸರಿಗೆ ಬಂದಿದ್ದೆ. ಎದುರಿಗೆ ಕೆಮ್ಮಿದ ಸದ್ದು. ಕಣ್ಣು ಬಿಟ್ಟರೆ ಸೆಕ್ರೆಟರಿ, ಬನಿಯನ್ನಿನಲ್ಲೇ ಎದ್ದು ಬಂದ ಚೇರ್ಮನ್, ವಾಚ್‌ಮನ್, ಅವರ ಹಿಂದೆ ಲುಂಗಿ ಎತ್ತಿ ಕಟ್ಟಿಕೊಂಡ ನನ್ನ ಗಂಡ. ಸೆಕ್ರೆಟರಿ ಕೈ ಮುಗಿದು ಮರಾಠಿಯಲ್ಲಿ, "ವಹಿನಿ, ಉಪೋಷಣ ಕರೂ ನಕಾ" ಎಂದರು. ಉಪವಾಸ ಕೂಡಬೇಡಿ ಅತ್ತಿಗೆ, ಎಂದು. ಇವತ್ತಿನಿಂದಲೇ ಬೆಳಗ್ಗೆ ಅರ್ಧ ತಾಸು ಹೆಚ್ಚು ನೀರು ಬಿಡುತ್ತೇವೆ, ಕಮಿಟಿ ಒಪ್ಪಿದೆ, ಕೆಳಗೆ ಇಳಿಯಿರಿ, ಎಂದು. ನಾನು ಇನ್ನೂ ಆಮೆನ್ ಕೂಡ ಅಂದಿರಲಿಲ್ಲ.

ಗಂಡನಿಗೆ ಹೇಳಿದೆ, "ನಾ ಪ್ರಾರ್ಥನಾಕ್ಕ ಕೂತಿದ್ನಿ. ನೀವರೆ ಹೇಳಬಾರದೇನು?"

"ನೀ ಯಾವಾಗ ದೇವರ ಕೂಡ ಮಾತಾಡ್ತಿ, ಯಾವಾಗ ಕಮಿಟಿ ಕೂಡ ಜಗಳಾಡ್ತಿ, ನನಗ ಹೆಂಗ ತಿಳೀಬೇಕು? ಮಾರಿ ಎರಡಕ್ಕೂ ಹಂಗ ಇರ್ತದ."

ಮರುದಿನ ಗಚ್ಚಿಯ ಬಾಗಿಲಿಗೆ ಕೀಲಿ ಬಿತ್ತು. ಕಮಿಟಿಯ ಆರ್ಡರ್. ಈಗಲೂ ನೀರು ಕಡಿಮೆಯಾದ ದಿನ ಕೆಳಗಿನ ಮನೆಯ ಹೆಂಗಸರು ನನ್ನ ಬಾಗಿಲು ಬಡಿಯುತ್ತಾರೆ. "ವಹಿನಿ, ಬರ್ರಿ, ಚಾಪಿ ತರ್ರಿ, ಕೀಲಿ ಒಡಿಸೂಣು. ಭಾಳ ದಿನ ಆತು ನೀವು ಪ್ರಾರ್ಥನಾ ಮಾಡಿ."

ಟೆಂಪೋದ ದೇವರು

ಇನ್ನು ಉಳಿದದ್ದು ಟೆಂಪೋ. ಬಿಬವೇವಾಡಿಯಿಂದ ಖರಾಡಿಗೆ ಟ್ರಾಫಿಕ್ಕಿನಲ್ಲಿ ಒಂದು ತಾಸು. ಒಂಬತ್ತು ಹೆಂಗಸರು, ನಾನೊಬ್ಬಳೇ ಕ್ರೈಸ್ತಳು, ಉಳಿದವರೆಲ್ಲ ಮರಾಠಿಯವರು. ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿ ತುಟಿ ಅಲುಗಿಸಿದೆ. ಎರಡನೇ ಸಿಗ್ನಲ್ಲಿಗೆ ನನ್ನ ಹಣೆಗೆ ಬಾಮ್ ಬಿತ್ತು. ಮೂರನೇ ಸಿಗ್ನಲ್ಲಿಗೆ ಯಾರೋ ಬಾಯಿಗೆ ನಿಂಬೆಹಣ್ಣಿನ ಪೆಪ್ಪರ್‌ಮಿಂಟ್ ತುರುಕಿದರು. ವಾಂತಿ ಬರುವಂತಿದೆ, ಗಾಡಿ ಬದಿಗೆ ಹಾಕು ಎಂದು ಡ್ರೈವರನಿಗೆ ಕೂಗಿದರು.

ಪೆಪ್ಪರ್‌ಮಿಂಟನ್ನು ದವಡೆಗೆ ಸರಿಸಿ, "ಏನೂ ಆಗಿಲ್ಲ, ಪ್ರಾರ್ಥನೆ ಮಾಡುತ್ತಿದ್ದೇನೆ" ಎಂದು ಮರಾಠಿಯಲ್ಲಿ ಹೇಳಿದೆ. ಎಲ್ಲರೂ ಪಾಪ, ತಕ್ಷಣ ಸುಮ್ಮನಾದರು. ಎರಡು ದಿನ ಟೆಂಪೋದಲ್ಲಿ ಪಿಸುಮಾತೂ ಇಲ್ಲ. ನನ್ನ ಜೀವಮಾನದಲ್ಲಿ ಅಷ್ಟು ನೆಮ್ಮದಿಯಾಗಿ ನಾನು ಪ್ರಾರ್ಥಿಸಿದ್ದಿಲ್ಲ.

ಮೂರನೇ ದಿನ ಪಕ್ಕದ ಸೀಟಿನವಳು ಕಿವಿಯಲ್ಲಿ ಕೇಳಿದಳು: ಅತ್ತೆ ಆರು ತಿಂಗಳಿಂದ ನಮ್ಮಲ್ಲೇ ಇದ್ದಾಳೆ, ಇನ್ನೊಬ್ಬ ಮಗನ ಮನೆಗೆ ಹೋಗುವ ಮನಸ್ಸು ಅವಳಿಗೆ ಬರಲಿ ಎಂದು ನಿನ್ನ ದೇವರಿಗೆ ಒಂದು ಮಾತು ಹಾಕು. ನಾನು ಅತ್ತೆಯ ಮೊಣಕಾಲಿಗಾಗಿ ಪ್ರಾರ್ಥಿಸಿದೆ, ಅಷ್ಟೇ. ಮೊಣಕಾಲು ಸುಧಾರಿಸಿತು. ಮೆಟ್ಟಿಲು ಹತ್ತಲು ಬಂತೆಂದು ಅತ್ತೆ ತಾನೇ ಹಿರಿಮಗನ ಮೂರನೇ ಮಾಳಿಗೆಯ ಮನೆಗೆ ಹೋದಳು.

ಅಲ್ಲಿಗೆ ನನ್ನ ಪ್ರಾರ್ಥನೆ ಮುಗಿಯಿತು. ಟೆಂಪೋ ಹತ್ತಿದ ಕೂಡಲೇ ಎಂಟು ಜನರದೂ ಎಂಟು ಬೇಡಿಕೆ. ಗಂಡನ ಕುಡಿತ, ಮಗಳ ಸಂಬಂಧ, ಫ್ರಿಜ್ಜಿನ ಕಂಪ್ರೆಸರ್. ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡಿ, "ತಾಈ, ಮಾಝಂ ಪಣ" ಎಂದ, ನಂದೂ ಅದ ಅಕ್ಕಾ ಎಂದು. ನನ್ನ ಮಕ್ಕಳ ಹೆಸರಿನ ಸರದಿ ಬರುವಷ್ಟರಲ್ಲಿ ಖರಾಡಿ ಬರುತ್ತಿತ್ತು.

ಒಂದು ತಿಂಗಳಾದ ಮೇಲೆ ಅತ್ತೆ ತಿರುಗಿ ಬಂದಳು. ಪಕ್ಕದ ಸೀಟಿನವಳು ವಾರವಿಡೀ ನನ್ನ ಕೂಡ ಮಾತು ಬಿಟ್ಟಳು. ಉಳಿದವರು ಅವಳನ್ನೇ ಬೈದರು: "ನೀನು ಎಷ್ಟು ದಿನ ಅಂತ ಸರಿಯಾಗಿ ಹೇಳಬೇಕಿತ್ತು. ದೇವರಿಗೆ ಏನು ಗೊತ್ತು."

ಐದು ವಾಕ್ಯದ ಪ್ರಬಂಧ

ಇದು ಸಣ್ಣದು, ಆದರೆ ನಾಟಿದ್ದು ಇದೇ. ಭಾನುವಾರ ಶಾಲೆಯಲ್ಲಿ ಟೀಚರು ಮಕ್ಕಳಿಗೆ 'ನಮ್ಮ ಮನೆಯ ಪ್ರಾರ್ಥನೆ' ಎಂದು ಐದು ವಾಕ್ಯ ಬರೆಯಲು ಹೇಳಿದರು. ನನ್ನ ಮಗಳದು ಚೆನ್ನಾಗಿದೆ ಎಂದು ಎಲ್ಲರ ಮುಂದೆ ಓದಿಸಿದರು. ಅವಳು ಬರೆದದ್ದು ಹೀಗಿತ್ತು:

"ನಮ್ಮ ಮನೆಯಲ್ಲಿ ಅಪ್ಪ ಪ್ರಾರ್ಥನೆ ಮಾಡುತ್ತಾನೆ. ತಮ್ಮ ನಿದ್ದೆ ಮಾಡುತ್ತಾನೆ. ಅವ್ವ ಡಬ್ಬಿ ಕಟ್ಟುತ್ತಾಳೆ ಮತ್ತು ಬೈಯುತ್ತಾಳೆ. ನಾವು ಆಮೆನ್ ಅಂದ ಕೂಡಲೇ ಅವ್ವ ಟೆಂಪೋ ಹೋತು ಅನ್ನುತ್ತಾಳೆ. ಹೀಗೆ ನಾವು ದೇವರಲ್ಲಿ ಆನಂದಿಸುತ್ತೇವೆ."

ಹತ್ತಕ್ಕೆ ಹತ್ತು ಅಂಕ. ಜೊತೆಗೆ ಒಂದು ಕಂಪಾಸ್ ಪೆಟ್ಟಿಗೆ ಬಹುಮಾನ. ಮನೆಗೆ ಬಂದವಳೇ ಅವಳನ್ನು ಎದುರಿಗೆ ನಿಲ್ಲಿಸಿ ಕೇಳಿದೆ. "ಏನ ಇದು? ನಾ ಬೈತೀನೇನು? ದಿನಾ ಬೈತೀನಿ? ನಾಲ್ಕ ಮಂದಿ ಮುಂದ ಅವ್ವನ್ನ ಹಿಂಗ ಬರೀತಾರೇನು?"

ಅವಳು ಕಂಪಾಸ್ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು, "ಮತ್ತ ಈಗ ಏನ ಮಾಡಾಕತ್ತೀಯವ್ವಾ?" ಎಂದಳು.

ನನ್ನ ಸಿಟ್ಟು ಮಗಳ ಮೇಲಲ್ಲ. ಕೌದಿಯೊಳಗೆ ಹೆಸರು ಕೇಳಿಸಿಕೊಂಡು ಬೆಳೆದವಳು ನಾನು, ನನ್ನ ಮಗಳಿಗೆ ಕೇಳಿಸಿದ್ದು ಬರೀ ಬೈಗುಳ.

ಗೈರುಹಾಜರಿ

ಇಷ್ಟರಲ್ಲಿ ನಮ್ಮ ಚರ್ಚಿನ ಹಿರಿಯರೊಬ್ಬರಿಗೆ ಒಂದು ಯೋಜನೆ ಹೊಳೆಯಿತು. ಅವರು ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಮನುಷ್ಯ ಪ್ರಾಮಾಣಿಕ, ರಜಿಸ್ಟರ್ ಇಲ್ಲದಿದ್ದರೆ ಕೈ ಕಡಿಯುತ್ತದೆ. ಎಲ್ಲ ಕುಟುಂಬಗಳದೂ ಒಂದು ವಾಟ್ಸಾಪ್ ಗ್ರೂಪ್ ಮಾಡಿದರು. ದಿನಾ ಬೆಳಗ್ಗೆ ಆರೂವರೆಯೊಳಗೆ ಪ್ರತಿ ಮನೆಯವರೂ ಪ್ರಾರ್ಥನೆಗೆ ಕೂತ ಫೋಟೋ ಹಾಕಬೇಕು. ಅವರು ನೋಡಿ ರಜಿಸ್ಟರಿನಲ್ಲಿ ಹಾಜರಿ ಹಾಕುತ್ತಾರೆ. ಸುಗ್ಗಿ ಹಬ್ಬದ ಆರಾಧನೆಯಲ್ಲಿ ಬಹುಮಾನ.

ನಮ್ಮ ಮನೆಯ ಬೆಳಗು ಆಮೇಲೆ ಹೀಗಾಯಿತು. ಗಂಡ ಮಕ್ಕಳು ಚಾಪೆಯ ಮೇಲೆ. ನಾನು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸೌಟು.

"ಕಣ್ಣು ಮುಚ್ಚೋ."

"ಮುಚ್ಚೀನವ್ವಾ."

"ಒಂದ ಮುಚ್ಚೀದಿ. ಎರಡೂ ಮುಚ್ಚು. ನಗಬ್ಯಾಡ, ಪ್ರಾರ್ಥನಾ ಅದು."

ತೆಗೆದದ್ದನ್ನು ಗಂಡ ನೋಡಿ, "ಹೊಟ್ಟಿ ಕಾಣಸ್ತದ, ಇನ್ನೊಂದು ತಗಿ" ಎನ್ನುವರು. ಮೂರನೆಯದು ಸರಿ ಬರುವಷ್ಟರಲ್ಲಿ ಆರೂ ಇಪ್ಪತ್ತೆಂಟು. ಫೋಟೋ ಹೋಗುತ್ತಿತ್ತು. ಪ್ರಾರ್ಥನೆಗೆ ಹೊತ್ತು ಇರುತ್ತಿರಲಿಲ್ಲ. ಹಾಜರಿ ಬಿದ್ದಮೇಲೆ ಪ್ರಾರ್ಥನೆಯ ಅವಸರವೂ ಯಾರಿಗೂ ಇರಲಿಲ್ಲ.

ಸುಗ್ಗಿ ಹಬ್ಬ ಬಂತು. ಚರ್ಚು ತುಂಬಿತ್ತು. ಮುಂದೆ ಕುಂಬಳಕಾಯಿ, ಕಬ್ಬು, ಬಾಳೆಗೊನೆ. ಹಿರಿಯರು ರಜಿಸ್ಟರ್ ತೆರೆದರು. ಮೊದಲು ಅಪ್ಪಂದಿರನ್ನು ಹೊಗಳಿದರು. ದಿನ ತಪ್ಪದೆ ಮಕ್ಕಳನ್ನು ದೇವರ ಮುಂದೆ ಕೂಡಿಸಿದ ಅಪ್ಪಂದಿರಿಗೆ ಒಂದೊಂದು ಸ್ಟೀಲ್ ಡಬ್ಬಿ. ನನ್ನ ಗಂಡನಿಗೂ ಒಂದು. ಆಮೇಲೆ ಕನ್ನಡಕ ಸರಿಪಡಿಸಿಕೊಂಡು ದನಿ ಇಳಿಸಿದರು.

"ಈಗ ಒಂದು ದುಃಖದ ಸಂಗತಿ. ನಮ್ಮ ಸಭೆಯ ಇಪ್ಪತ್ತಾರು ಮನೆಗಳಲ್ಲಿ ತಾಯಂದಿರು ಒಂದು ದಿನವೂ ಪ್ರಾರ್ಥನೆಗೆ ಕೂತಿಲ್ಲ. ಯಾವ ಫೋಟೋದಲ್ಲಿಯೂ ಇಲ್ಲ. ನಾನು ಎಲ್ಲವನ್ನೂ ತಪಾಸಣೆ ಮಾಡಿದ್ದೇನೆ. ಹೆಸರು ಓದುತ್ತೇನೆ, ದಯಮಾಡಿ ಎದ್ದು ನಿಲ್ಲಬೇಕು. ನಮ್ಮ ಮನಿಯವರೂ ಈ ಪಟ್ಟ್ಯಾಗ ಅದಾರ. ಕಾಯ್ದೆ ಎಲ್ಲಾರಿಗೂ ಒಂದ."

ಒಬ್ಬೊಬ್ಬರಾಗಿ ಎದ್ದೆವು. ಹಿರಿಯರ ಹೆಂಡತಿ ಮೊಣಕಾಲು ಹಿಡಿದುಕೊಂಡು ಎದ್ದರು. ಎರಡನೇ ಸಾಲಿನಲ್ಲಿ ಕೂತಿದ್ದ ನನ್ನ ಮಗಳು ತಲೆ ತಗ್ಗಿಸಿದಳು. ಅದನ್ನು ನೋಡಿದ್ದೇ ನನಗೆ ತಡೆಯಲಾಗಲಿಲ್ಲ.

"ಕಾಕಾರ, ಒಂದ ಮಾತು ಕೇಳಲೇನ್ರಿ?"

"ಪ್ರಾರ್ಥನಾ ಆದಮ್ಯಾಲೆ ಕೇಳ್ರಿ."

"ಪ್ರಾರ್ಥನಾಕ್ಕಿಂತ ಮೊದಲ ಕೇಳೂದದ. ನಿಮಗಲ್ಲ, ಈ ಮಕ್ಕಳಿಗೆ." ಮುಂದಿನ ಸಾಲುಗಳ ಕಡೆ ತಿರುಗಿದೆ. "ಮಕ್ಕಳೇ, ದಿನಾ ಮುಂಜಾನಿ ಫೋಟೋ ತಗಿಯೋರು ಯಾರು?"

"ಅವ್ವ," "ಮಮ್ಮಿ," "ಆಯಿ" ಎಂದು ಇಡೀ ಭಾನುವಾರ ಶಾಲೆ ಒಟ್ಟಿಗೆ ಕೂಗಿತು. ಆ ಗದ್ದಲ ಅಡಗಿದ ಮೇಲೆ ಹಿರಿಯರ ಮೊಮ್ಮಗ, ಐದು ವರ್ಷದವನು, ಬೆಂಚಿನ ಮೇಲೆ ನಿಂತು ಸಾವಕಾಶ ವಿವರಿಸಿದ.

"ನಮ್ಮನ್ಯಾಗ ಅಜ್ಜಿ ತಗೀತಾಳ್ರಿ. ಮೊದಲ ಅಜ್ಜಗ ಎಬ್ಬಸ್ತಾಳ. ಆಂವ ಏಳಂಗಿಲ್ಲ. ಮತ್ತ ಗ್ವಾಡಿಗೆ ಆನಿಸಿ ಕೂಡಸ್ತಾಳ, ಕೈ ಜೋಡಸ್ತಾಳ, ಕನ್ನಡಕ ಹಾಕತಾಳ, ಫೋಟೋ ತಗೀತಾಳ, ಮತ್ತ ಮಲಗಸ್ತಾಳ. ಅಜ್ಜಗ ಗೊತ್ತ ಇರಂಗಿಲ್ಲ."

ಅಯ್ಯನವರು ನಗು ತಡೆಯಲಾಗದೆ ಕಬ್ಬಿನ ಹಿಂದೆ ಮುಖ ಮರೆಸಿಕೊಂಡರು. ಚರ್ಚಿಗೆ ಚರ್ಚೇ ನಕ್ಕಿತು. ಹಿರಿಯರು ಹಾಳೆ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ನಲವತ್ತು ವರ್ಷ ಕಡತ ನೋಡಿದ ಮನುಷ್ಯ, ದಾರಿ ಹುಡುಕದೆ ಬಿಡುತ್ತಾರೆಯೆ?

"ಆತು," ಎಂದರು. "ನಾಳಿಯಿಂದ ಎಲ್ಲಾರೂ ಸೆಲ್ಫಿ ಕಳಸ್ರಿ."

ಅವರ ಹೆಂಡತಿ ಆಗ ಬಾಯಿ ಬಿಟ್ಟರು. "ಸೆಲ್ಫಿಗೆ ನೀವು ಎಚ್ಚರ ಇರಬೇಕಾಗ್ತದ್ರಿ."

ನಗು ನಿಂತ ಮೇಲೆ ಹಿರಿಯರು "ಕೂಡ್ರಿ, ಕೂಡ್ರಿ" ಎಂದರು. ನಾವು ಇಪ್ಪತ್ತಾರು ಜನ ಕೂಡಲಿಲ್ಲ. "ನಮಗ ಫೋಟೋದಾಗ ಜಾಗಾ ಬ್ಯಾಡ್ರಿ, ಕಾಲು ತಾಸು ಬೇಕು" ಎಂದೆ. ಅಯ್ಯನವರು ಬಂದು ಆ ರಜಿಸ್ಟರನ್ನು ತೆಗೆದು ಕುಂಬಳಕಾಯಿಯ ಕೆಳಗೆ ಇಟ್ಟ ಮೇಲೆಯೇ ಕೂತೆವು.

ಮರುದಿನ ಬೆಳಗ್ಗೆ ನಾನು ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತೆ. ಅಡುಗೆಮನೆಯಿಂದ ಗಂಡನ ದನಿ: "ಏನ ಅಂತೀನಿ, ಬ್ಯಾಳಿ ಎಲ್ಲೆ ಅದಾವು?" ನಾನು ಮಾತಾಡಲಿಲ್ಲ. "ನೀರು ಎಷ್ಟು ಹಾಕಬೇಕು?" ಮಾತಾಡಲಿಲ್ಲ. ಕುಕ್ಕರ್ ಏಳು ಸೀಟಿ ಹೊಡೆಯಿತು. ನಾನು ಗಟ್ಟಿಯಾಗಿ ಮಗಳ ಹೆಸರು ಹೇಳಿ ದೇವರಿಗೆ ಒಪ್ಪಿಸುತ್ತಿದ್ದೆ. ಹಿಂದಿನ ಹಾಸಿಗೆಯಿಂದ ಮಗನ ನಿದ್ದೆಗಣ್ಣಿನ ದನಿ ಬಂತು. "ಅವ್ವಾ, ನಂದಿನ್ನೂ ಬರಲಿಲ್ಲ."

ಆ ದಿನ ಹೊತ್ತಿದ ಬೇಳೆ ತಿಂದೆವು. ಯಾರೂ ಸಾಯಲಿಲ್ಲ.

ಇದನ್ನು ಓದಿದ ಅಪ್ಪಂದಿರೇ, ಕೇಳಿ. ನಾಳೆ ಬೆಳಗ್ಗೆ ನೀವು ಮೊದಲು ಏಳಿ. ಅವಳ ಕೈಯಿಂದ ಸೌಟು ಇಸಿದುಕೊಳ್ಳಿ. ಬೇಳೆ ಎಲ್ಲಿದೆ ಎಂದು ಇವತ್ತು ರಾತ್ರಿಯೇ ನೋಡಿಟ್ಟುಕೊಳ್ಳಿ. ಅವಳನ್ನು ಒಳಗೆ ಕಳಿಸಿ ಬಾಗಿಲು ಮುಂದೆ ಮಾಡಿ, ಕಾಲು ತಾಸು ಯಾರನ್ನೂ ಒಳಗೆ ಬಿಡಬೇಡಿ. ಮತ್ತು ಫೋಟೋ ತೆಗೆಯಬೇಡಿ.